ದೋಣಿ ಮಲಗುವ ದಡ

ಕಡವಿನಬಾಗಿಲು,
ಬಂಟ್ವಾಳ ತಾಲೂಕು
8-12-1987

ಪ್ರೀತಿಯ ಶಂಕರಿ ಅಕ್ಕನಿಗೆ,

ಮನೋರಮೆಯ ನಮಸ್ಕಾರಗಳು. ನಿನ್ನ ಎರಡು ಕಾಗದಗಳೂ ಬಂದು ಕಪಾಟಿನ ಮೇಲೆ ಕೂತಿವೆ, ಹೋಗುತ್ತ ಬರುತ್ತ ನನ್ನನ್ನು ಗುರಾಯಿಸುತ್ತಿವೆ. ತಡವಾದದ್ದಕ್ಕೆ ಬೈಯಬೇಡ. ಇವರ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು, ಮಕ್ಕಳಿಬ್ಬರಿಗೂ ಕೆಮ್ಮು, ಮೇಲಿನಿಂದ ನನಗೆ ಈ ಮಂಡಲ ಪಂಚಾಯತು. ಹೆಂಗಸರ ಸೀಟಿಗೆ ನಿಲ್ಲಿಸುವಾಗ "ಹೆಸರಿಗೆ ಮಾತ್ರ, ನೀವು ಎಂತ ಮಾಡುವುದೂ ಬೇಡ" ಎಂದಿದ್ದರು ನೋಡು. ಗೆದ್ದ ಮೇಲೆ ಅವರು ಉಳಿಸಿಕೊಂಡ ಮಾತು ಅದೊಂದೇ.

ಸುಳ್ಳು ಹೇಳಬಾರದು, ಒಂದು ಕೆಲಸ ಕೊಟ್ಟಿದ್ದಾರೆ. ಯಾರಿಗೂ ಬೇಡದ ಸಮಿತಿ ಒಂದು ಉಳಿದಿತ್ತು, ಕಡವಿನದ್ದು. ದೋಣಿ ಎಲ್ಲಿ ಕಟ್ಟಬೇಕು, ಮನೆ ಕಟ್ಟುವವರಿಗೆ ಹೊಳೆಯ ಹೊಯಿಗೆ ತೆಗೆದು ಮಾರುವವರ ದೋಣಿಗಳು ಎಲ್ಲಿ ನಿಲ್ಲಬೇಕು, ಮಳೆಗಾಲದಲ್ಲಿ ದಾಟಿಸುವುದನ್ನು ಯಾವಾಗ ನಿಲ್ಲಿಸಬೇಕು, ಇಂಥದ್ದನ್ನೆಲ್ಲ ನೋಡಿಕೊಳ್ಳುವುದು. ಅದಕ್ಕೆ ನಾನು ಅಧ್ಯಕ್ಷೆ. "ನೀವು ಆಚೆಕರೆಯಲ್ಲಿ ಹುಟ್ಟಿದವರು, ಹೊಳೆಯ ವಿಷಯ ನಮಗಿಂತ ನಿಮಗೇ ಗೊತ್ತು" ಎಂದು ಪ್ರಧಾನ ನೋಣಯ್ಯನವರು ಸಭೆಯಲ್ಲಿ ಹೇಳಿದಾಗ ನಾನು ಉಬ್ಬಿಹೋದೆ. ನೀನು ನಗುತ್ತಿರುವುದು ನನಗೆ ಇಲ್ಲಿಗೆ ಕೇಳಿಸುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಡವಿಗೆ ಸರಕಾರದಿಂದ ಹೊಸ ದೋಣಿ ಬಂದಿದೆ. ಚಂದ ಉಂಟು, ಹಸಿರು ಬಣ್ಣ, ಹಲಗೆಯ ಮೇಲೆ ಮಂಡಲದ ಹೆಸರು. ಈಚೆಕರೆಯಲ್ಲಿ ಕಾಂಕ್ರೀಟಿನ ಮೆಟ್ಟಿಲು ಕಟ್ಟಿಸಿ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಕಬ್ಬಿಣದ ಬಳೆ ಕೂರಿಸಿದ್ದಾರೆ. ದಾಟಿಸುವವನು ಹಸೈನಾರನೇ. ನಮ್ಮ ಬಾವಾ ಬ್ಯಾರಿಯ ಮಗ, ನಾವು ಶಾಲೆಗೆ ಹೋಗುವಾಗ ಅಪ್ಪನ ಕಾಲ ಬುಡದಲ್ಲಿ ಕೂತು ದೋಣಿಯ ನೀರು ಎತ್ತಿ ಚೆಲ್ಲುತ್ತಿದ್ದನಲ್ಲ, ಅವನು. ಅವನಿಗೆ ಈಗ ತಿಂಗಳ ಸಂಬಳ. ಹಳೆಯ ದೋಣಿಯನ್ನು ಕಡವಿನಲ್ಲಿ ಓಡಿಸಬಾರದು ಎಂದಾದ್ದರಿಂದ ಅದನ್ನು ಹೊಯಿಗೆಯ ಅಣ್ಣುವಿಗೆ ಕೊಟ್ಟುಬಿಟ್ಟ.

ಇಷ್ಟೂ ಒಳ್ಳೆಯದೇ. ಆದರೆ ಮೊನ್ನೆಯ ಸಭೆಯಲ್ಲಿ, ಸಂಜೆಯಾದ ಮೇಲೆ ದೋಣಿ ಈಚೆಕರೆಯಲ್ಲೇ ಇರಬೇಕು, ಬಳೆಗೆ ಸರಪಳಿ ಹಾಕಿ ಬೀಗ ಜಡಿಯಬೇಕು, ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ ಇರಬೇಕು ಎಂದು ಮಾಡಿದರು. ಅಕ್ಕಾ, ನಮ್ಮ ಕಡವಿನಲ್ಲಿ ದೋಣಿ ಯಾವತ್ತಾದರೂ ಈಚೆಕರೆಯಲ್ಲಿ ಮಲಗಿದ್ದು ಉಂಟಾ? ಆಸ್ಪತ್ರೆ, ಬಸ್ಸು, ಅಂಗಡಿ ಎಲ್ಲ ಈಚೆ. ಹೊತ್ತಲ್ಲದ ಹೊತ್ತಿನಲ್ಲಿ ದಾಟಬೇಕಾಗುವುದು ಆಚೆಯವರಿಗೆ. ಅದಕ್ಕೇ ದೋಣಿ ಆಚೆ ಮಲಗುವುದು, ದೋಣಿಯವನ ಮನೆಯೂ ಆಚೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟದ್ದಲ್ಲ, ಹಟ್ಟಿಯಲ್ಲಿ ದನ ಕಟ್ಟಿದ ಹಾಗೆ ನಡೆದುಕೊಂಡು ಬಂದದ್ದು.

ನಾನು ಎದ್ದು ನಿಂತು ಹೇಳಿದೆ. ನೋಣಯ್ಯನವರು ಕೆಟ್ಟವರಲ್ಲ, ಸಮಾಧಾನದಲ್ಲೇ ಕೇಳಿದರು. "ಅಮ್ಮಾ, ಅದು ಅವನ ಸ್ವಂತ ದೋಣಿ ಇದ್ದಾಗಿನ ಮಾತು. ಇದು ಸರಕಾರದ ಸೊತ್ತು. ಕಚೇರಿ ಈಚೆ, ದೋಣಿ ಆಚೆ ಮರದ ಬೇರಿಗೆ ಕಟ್ಟಿದ್ದು ಅಂದರೆ ಆಡಿಟಿನವರು ಬಿಡ್ತಾರಾ? ಆಪತ್ತು ಬಂದರೆ ಆಚೆಯವರು ಕೂಗಲಿ. ನಾವು ಎದ್ದು ಬರುವುದಿಲ್ಲವಾ?" ಎಂದರು. ಎಲ್ಲರೂ ತಲೆಯಾಡಿಸಿದರು. ಕಾರ್ಯದರ್ಶಿ ನಾರಾಯಣಮೂರ್ತಿಗಳು ಮೂಡುಬಿದಿರೆಯವರು, ವಾರವಿಡೀ ಕಚೇರಿಯ ಹಿಂದಿನ ಕೋಣೆಯಲ್ಲೇ ಇರುತ್ತಾರೆ, ಆ ಧೈರ್ಯ ಬೇರೆ. ಅವರೇ ಇನ್ನೊಂದನ್ನೂ ಸೇರಿಸಿದರು: ಭಾನುವಾರ ಕಚೇರಿಗೆ ರಜೆಯಾದ್ದರಿಂದ ಕಡವಿಗೂ ರಜೆ. ಹೊಳೆಗೆ ಮಾತ್ರ ಇನ್ನೂ ರಜೆ ಕೊಟ್ಟಿಲ್ಲ.

ಮರುದಿನ ಹಸೈನಾರ ನಮ್ಮ ಅಂಗಳಕ್ಕೆ ಬಂದ. ತಲೆ ಕೆರೆಯುತ್ತ, "ಅಕ್ಕಾ, ಎಲ್ಲ ಸರಿ. ದೋಣಿಯನ್ನು ಈಚೆ ಕಟ್ಟಿ ಬೀಗ ಹಾಕಿದ ಮೇಲೆ ನಾನು ಮನೆಗೆ ಹೋಗುವುದು ಹೇಗೆ?" ಎಂದು ಕೇಳಿದ.

ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು. ಅಷ್ಟು ಜನ ಕೂತು ಚಾ ಕುಡಿದು ಮಾತಾಡಿದ್ದೇವೆ, ನನ್ನನ್ನೂ ಸೇರಿಸಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಅವನೂ ನಕ್ಕ. ಆಮೇಲೆ ಇಬ್ಬರೂ ನಗುವುದನ್ನು ನಿಲ್ಲಿಸಿದೆವು. ಪಾಣೆಮಂಗಳೂರಿನ ಸೇತುವೆ ಸುತ್ತಿ ಹೋಗುವುದೆಂದರೆ ಅವನು ಮನೆ ಮುಟ್ಟುವಾಗ ವಾಪಸು ಹೊರಡುವ ಹೊತ್ತಾಗುತ್ತದೆ. ನೋಣಯ್ಯನವರ ಹತ್ತಿರ ಹೋಗಿ ಹೇಳಿದೆ. ಅವನನ್ನು ಬಿಟ್ಟು ದೋಣಿ ವಾಪಸು ತರಲು ಇನ್ನೊಬ್ಬ ಆಳು ಬೇಕು, ಅದಕ್ಕೆ ಮಂಜೂರಾತಿ ಇಲ್ಲವಂತೆ. "ಅವನಿಗೆ ಈಜು ಬರುವುದಿಲ್ಲವಾ?" ಎಂದು ತಮಾಷೆ ಮಾಡಿದರು.

ಭಾವ ತಾಲೂಕು ಕಚೇರಿಯಲ್ಲಿ ಇದ್ದಾರಲ್ಲ, ಅವರ ಹತ್ತಿರ ಒಂದು ಕೇಳಿ ಬರೆ. ಸರಕಾರಿ ದೋಣಿಯನ್ನು ಕಚೇರಿ ಇರುವ ದಡದಲ್ಲೇ ಕಟ್ಟಬೇಕು ಅಂತ ನಿಯಮ ಉಂಟಾ? ಮಕ್ಕಳಿಗೆ ಆಶೀರ್ವಾದ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ಮನು


ಕಡವಿನಬಾಗಿಲು
22-5-1988

ಪ್ರೀತಿಯ ಅಕ್ಕನಿಗೆ,

ನಮಸ್ಕಾರಗಳು. ಭಾವ ಅಷ್ಟು ಬೇಗ ವಿಚಾರಿಸಿ ಬರೆದದ್ದಕ್ಕೆ ಒಂದು ಕಾರ್ಡನ್ನೂ ಹಾಕದೆ ಕೂತೆ. ತಪ್ಪಾಯಿತು. ಸಿಟ್ಟಿನಲ್ಲಿ ಇರುವಾಗ ನನಗೆ ಕಾಗದ ಬರೆಯಲು ಆಗುವುದಿಲ್ಲ, ಪಾತ್ರೆ ತೊಳೆಯಲು ಮಾತ್ರ ಆಗುತ್ತದೆ. ಈ ಬೇಸಗೆಯಲ್ಲಿ ನಮ್ಮ ಪಾತ್ರೆಗಳೆಲ್ಲ ಹೊಳೆಯುತ್ತಿವೆ.

ಅಂಥ ನಿಯಮ ಯಾವುದೂ ಇಲ್ಲ ಎಂದು ಭಾವ ಬರೆದದ್ದನ್ನು ಸಭೆಯಲ್ಲಿ ಹೇಳಿದೆ. ನಾರಾಯಣಮೂರ್ತಿಗಳು ಕನ್ನಡಕ ತೆಗೆದು, "ನಿಯಮ ಇಲ್ಲ ಎಂದು ಸರಕಾರದ ಆದೇಶ ಉಂಟಾ?" ಎಂದು ಕೇಳಿದರು. ಇಲ್ಲದ್ದಕ್ಕೆ ಆದೇಶ ಎಲ್ಲಿಂದ ತರಲಿ ಹೇಳು. ಭಾವನಿಗೆ ಇದನ್ನು ಓದಿ ಹೇಳು, ಅವರಿಗೆ ಕಚೇರಿಯಲ್ಲಿ ಉಪಯೋಗಕ್ಕೆ ಬಂದೀತು.

ಬೇಸಗೆ ಹೇಗೋ ನಡೆಯಿತು. ಸಂಜೆ ಹಸೈನಾರ ಬೀಗ ಹಾಕಿ, ಬೀಗದ ಕೈಯನ್ನು ಕಾರ್ಯದರ್ಶಿಗಳಿಗೆ ಕೊಟ್ಟು, ಅಣ್ಣುವಿನ ಹೊಯಿಗೆ ದೋಣಿ ಹತ್ತಿ ಮನೆಗೆ ಹೋಗುತ್ತಿದ್ದ. ತನ್ನ ದೋಣಿಯಲ್ಲಿ ತಾನೇ ನೆಂಟನ ಹಾಗೆ ಕೂತುಕೊಂಡು. ಅಣ್ಣು ಬಾರದ ದಿನ ಬಟ್ಟೆಯನ್ನು ತಲೆಗೆ ಸುತ್ತಿ ಈಜುತ್ತಿದ್ದ. ಬೆಳಿಗ್ಗೆ ಒದ್ದೆ ಲುಂಗಿಯಲ್ಲಿ ಬಂದು ಕಾರ್ಯದರ್ಶಿಗಳ ಬಾಗಿಲು ತಟ್ಟುತ್ತಿದ್ದ. "ಕಾರ್ಯದರ್ಶಿಗಳು ಎದ್ದು ಬೀಗದ ಕೈ ಕೊಡುವುದನ್ನು ಕಾದು ಕಾದು ಆಚೆಕರೆಯ ಶಾಲೆ ಮಕ್ಕಳಿಗೆ ಹೊಳೆಯ ಆಚೆಯಿಂದಲೇ ನನ್ನನ್ನು ಬೈಯುವುದು ಅಭ್ಯಾಸವಾಗಿದೆ ಅಕ್ಕಾ" ಎಂದು ಹೇಳಿ ನಗಿಸುತ್ತಿದ್ದ.

ಕಳೆದ ವಾರ ನಡೆದದ್ದು ಹೇಳುತ್ತೇನೆ. ಅವನ ಹೆಂಡತಿ ನಸೀಬಾಳ ನೆರೆಮನೆಯಲ್ಲಿ ಒಬ್ಬಳು ತುಂಬಿದ ಬಸುರಿ, ದಿನ ಇವತ್ತೋ ನಾಳೆಯೋ ಎಂಬಂತಿತ್ತು. ಒಂದು ರಾತ್ರಿಗಾದರೂ ದೋಣಿ ಆಚೆ ಇದ್ದರೆ ಒಳ್ಳೆಯದಿತ್ತು ಎಂದು ನಸೀಬಾ ಹೇಳಿ ಕಳಿಸಿದಳು. ಕಾರ್ಯದರ್ಶಿಗಳು ಆ ದಿನ ಮಂಗಳೂರಿಗೆ ಮೀಟಿಂಗಿಗೆ ಹೋದವರು ಬಂದಿರಲಿಲ್ಲ, ನೋಣಯ್ಯನವರು ಎಲ್ಲೋ ಜಾತ್ರೆಗೆ ಹೋಗಿದ್ದರು, ಬೀಗದ ಕೈ ಹಸೈನಾರನ ಹತ್ತಿರವೇ ಉಳಿದಿತ್ತು. ನಾನು ಕಡವು ಸಮಿತಿಯ ಅಧ್ಯಕ್ಷೆ ಅಲ್ಲವಾ? "ತೆಗೆದುಕೊಂಡು ಹೋಗು ಮಾರಾಯ, ಕೇಳಿದವರಿಗೆ ನಾನು ಹೇಳಿದ್ದು ಅಂತ ಹೇಳು" ಎಂದೆ. ಅವನು ಹೋದ. ಹೆಣ್ಣುಮಗು ಹುಟ್ಟಿತು, ಬೆಳಗಿನ ಹೊತ್ತು, ಬಂಟ್ವಾಳದ ಆಸ್ಪತ್ರೆಯಲ್ಲಿ, ಸುಖವಾಗಿ.

ಅದಕ್ಕೆ ಅವನಿಗೆ ನೋಟೀಸು ಕೊಟ್ಟರು ಅಕ್ಕಾ! ಸಭೆಗೆ ಕರೆಸಿದರು. ನಾನು ಎದ್ದು, "ನಾನು ಹೇಳಿದ್ದಕ್ಕೆ ಅವನು ತೆಗೆದುಕೊಂಡು ಹೋದದ್ದು, ಕೇಳುವುದಿದ್ದರೆ ನನ್ನನ್ನು ಕೇಳಿ" ಎಂದೆ. ಯಾರೂ ನನ್ನನ್ನು ಕೇಳಲಿಲ್ಲ. ನೋಣಯ್ಯನವರು ನನ್ನ ಕಡೆ ನೋಡದೆ, "ಸಮಿತಿ ಸಲಹೆ ಕೊಡುವುದಕ್ಕೆ ಮಾತ್ರ. ಅವರು ಹೇಳಿದರು ಇವರು ಹೇಳಿದರು ಅಂತ ಸರಕಾರದ ಸೊತ್ತು ಮುಟ್ಟಿದರೆ ನಾಳೆಯಿಂದ ಬೇರೆಯವರನ್ನು ನೋಡುತ್ತೇವೆ" ಎಂದು ಅವನಿಗೆ ಹೇಳಿದರು. ಅವನು ಎಲ್ಲರ ಎದುರು ಕೈಮುಗಿದು, ಇನ್ನು ಹಾಗೆ ಮಾಡುವುದಿಲ್ಲ ಎಂದು ಹೇಳಬೇಕಾಯಿತು. ಆಮೇಲೆ ಚಾ ಬಂತು. ನನ್ನ ಎದುರಿಗೂ ಒಂದು ಗ್ಲಾಸು ಇಟ್ಟರು. ನಾನು ಮುಟ್ಟಲಿಲ್ಲ, ಅದನ್ನೂ ಯಾರೂ ಗಮನಿಸಲಿಲ್ಲ.

ಮನೆಗೆ ಬಂದು ಇವರ ಹತ್ತಿರ ಹಾರಾಡಿದೆ. "ಅವರಿಗೆ ನಿನ್ನ ರುಜು ಬೇಕು, ನಿನ್ನ ಮಾತು ಬೇಡ. ಇದು ನಿನಗೆ ಮೊದಲೇ ಗೊತ್ತಿರಲಿಲ್ಲವಾ?" ಎಂದರು. ಗಂಡಸರು ಇಂಥದ್ದನ್ನು ಎಷ್ಟು ಸಲೀಸಾಗಿ ಹೇಳುತ್ತಾರೆ ನೋಡು. ರಾಜೀನಾಮೆ ಕೊಡುತ್ತೇನೆ ಎಂದೆ. ಮಾರನೆಯ ದಿನ ಹಸೈನಾರನೇ ಬಂದು, "ನೀವೊಬ್ಬರಾದರೂ ಅಲ್ಲಿ ಇರಿ ಅಕ್ಕಾ" ಎಂದ. ಹಾಗಾಗಿ ಇದ್ದೇನೆ.

ನನಗೆ ಈಗ ಇರುವ ಹೆದರಿಕೆ ಮಳೆಗಾಲದ್ದು. ಹೊಳೆಗೆ ನೀರು ಬಂದರೆ ಹೊಯಿಗೆ ಕೆಲಸ ನಿಲ್ಲುತ್ತದೆ, ಅಣ್ಣು ದೋಣಿಯನ್ನು ದಡಕ್ಕೆ ಎಳೆದು ಕವುಚಿ ಹಾಕುತ್ತಾನೆ. ಆಮೇಲೆ ಇವನು ಮನೆಗೆ ಹೋಗುವುದು ಹೇಗೆ? ನೀರು ಜಾಸ್ತಿ ಇದ್ದ ದಿನ ನಮ್ಮ ಜಗಲಿಯಲ್ಲೇ ಮಲಗು ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ. ಚಾಪೆ, ದಿಂಬು ತೆಗೆದಿಟ್ಟಿದ್ದೇನೆ. ಆದರೆ ಆಚೆ ನಸೀಬಾ ಚಿಕ್ಕ ಮಗಳನ್ನು ಇಟ್ಟುಕೊಂಡು ಒಬ್ಬಳೇ, ಆ ಮಗುವಿಗೆ ಜ್ವರ ಬಂದರೆ ಸೆಳೆತ ಬರುತ್ತದೆ. ಸಮಿತಿಯಲ್ಲಿ ಇನ್ನೊಮ್ಮೆ ವಿಷಯ ಎತ್ತಿದೆ. ಜೂನಿನ ಸಭೆಯಲ್ಲಿ ನೋಡುವ ಎಂದರು. ಜೂನಿನಲ್ಲಿ ಸಭೆಗೆ ಕೋರಂ ಆಗಲಿಲ್ಲ ಎಂದು ನಾನು ಈಗಲೇ ಬರೆದುಕೊಡುತ್ತೇನೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ
ಮನು


ಕಡವಿನಬಾಗಿಲು
19-7-1988

ಅಕ್ಕನಿಗೆ,

ನಮಸ್ಕಾರ. ಪೇಪರಿನಲ್ಲಿ ಓದಿ ನೀನು ಬರೆದ ಕಾಗದ ಸಿಕ್ಕಿತು. ಹೌದು, ನಮ್ಮ ಹಸೈನಾರನೇ. ಪೇಪರಿನವರು ಹೆಸರನ್ನೂ ಸರಿ ಹಾಕಿಲ್ಲ. ನನಗೆ ಇಷ್ಟು ದಿನ ಪೆನ್ನು ಹಿಡಿಯಲು ಆಗಲಿಲ್ಲ. ಇವತ್ತು ಮಕ್ಕಳನ್ನು ಶಾಲೆಗೆ ಕಳಿಸಿ ಕೂತಿದ್ದೇನೆ.

ಆ ಶನಿವಾರ ಮಧ್ಯಾಹ್ನದವರೆಗೆ ಹೊಳೆ ಅಷ್ಟೇನೂ ಇರಲಿಲ್ಲ, ಅವನು ದಾಟಿಸುತ್ತಿದ್ದ. ಆಮೇಲೆ ಘಟ್ಟದ ಕಡೆ ಎಲ್ಲಿ ಮಳೆ ಬಿತ್ತೋ, ನೀರು ಕೆಂಪಾಯಿತು, ಮೆಟ್ಟಿಲು ಒಂದೊಂದಾಗಿ ಮುಳುಗತೊಡಗಿತು. ನಾನೇ ಹೋಗಿ ದಾಟಿಸುವುದನ್ನು ನಿಲ್ಲಿಸು ಎಂದೆ. ಬೀಗ ಹಾಕಿ, ಬೀಗದ ಕೈಯನ್ನು ಕೊಟ್ಟು ಬಂದು ನಮ್ಮ ಜಗಲಿಯಲ್ಲಿ ಕೂತ. ಶನಿವಾರ ಅಲ್ಲವಾ, ಕಾರ್ಯದರ್ಶಿಗಳು ಊರಿಗೆ ಹೊರಟಿದ್ದರು. ಸಾಮಾನ್ಯವಾಗಿ ಶನಿವಾರ ಬೀಗದ ಕೈಯನ್ನು ನೋಣಯ್ಯನವರ ಮನೆಯಲ್ಲಿ ಕೊಟ್ಟು ಹೋಗುತ್ತಾರೆ. ಅವತ್ತು ನೋಣಯ್ಯನವರು ಸಿದ್ಧಕಟ್ಟೆಗೆ ಮದುವೆಗೆ ಹೋಗಿದ್ದರು, ಮನೆಗೆ ಬಾಗಿಲು ಹಾಕಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಅಂಗಿಯ ಕಿಸೆಯಲ್ಲೇ ಹಾಕಿಕೊಂಡು ಮೂಡುಬಿದಿರೆಗೆ ಹೋದರು. ಹೇಗೂ ಮರುದಿನ ಕಡವಿಗೆ ರಜೆ.

ದೀಪ ಹಚ್ಚುವ ಹೊತ್ತಿಗೆ ಆಚೆಕರೆಯಲ್ಲಿ ಸೂಡಿಯ ಬೆಂಕಿ ಕಾಣಿಸಿತು. ತೆಂಗಿನ ಒಣ ಮಡಲು ಕಟ್ಟಿ ಹೊತ್ತಿಸಿ ಬೀಸಿದರೆ ಆಪತ್ತು ಎಂದು ಅರ್ಥ, ನಿನಗೆ ಗೊತ್ತುಂಟಲ್ಲ. ಮಳೆಯಲ್ಲಿ ಅದು ನಂದುವುದು, ಮತ್ತೆ ಹೊತ್ತುವುದು. ನಸೀಬಾ ಕೂಗುವುದು ಗಾಳಿಯಲ್ಲಿ ಸ್ವಲ್ಪ ಸ್ವಲ್ಪ ಕೇಳುತ್ತಿತ್ತು. ಮಗುವಿಗೆ ಸೆಳೆತ ಬಂದಿತ್ತು.

ದೋಣಿ ಕಣ್ಣೆದುರೇ ಉಂಟು ಅಕ್ಕಾ. ಹಸಿರು ಬಣ್ಣದ್ದು, ಸರಪಳಿ ಬಿಗಿಯಾಗಿ, ನೀರಿನ ಸೆಳೆತಕ್ಕೆ ಅತ್ತಿತ್ತ ಹೊಯ್ದಾಡುತ್ತ. ಇವರು ನೋಣಯ್ಯನವರ ಮನೆಗೆ ಓಡಿದರು. ನಾನು ಒಳಗಿನಿಂದ ಹಾರೆ ತಂದು ಅವನ ಕೈಗೆ ಕೊಟ್ಟು, "ಒಡೆ" ಎಂದೆ. ಅವನು ಒಡೆಯಲಿಲ್ಲ. ಹಾರೆಯನ್ನು ಮೆಟ್ಟಿಲಿನ ಮೇಲೆ ಮಲಗಿಸಿ, ಅಂಗಿ ತೆಗೆದಿಟ್ಟು, ದಡದಲ್ಲೇ ಮೇಲಕ್ಕೆ ನಡೆದುಕೊಂಡು ಹೋದ. ನೀರು ಎಳೆದುಕೊಂಡು ಹೋಗುವ ದೂರವನ್ನು ಲೆಕ್ಕ ಹಾಕಿ ಮೇಲಿನಿಂದ ಇಳಿಯುವುದು, ಅವನ ಅಪ್ಪ ಕಲಿಸಿದ್ದು. ಅರ್ಧ ಹೊಳೆಯವರೆಗೆ ಅವನ ತಲೆ ನನಗೆ ಕಾಣುತ್ತಿತ್ತು. ಆಮೇಲೆ ಒಂದು ದೊಡ್ಡ ಮರ ಬುಡಸಮೇತ ತೇಲಿಕೊಂಡು ಬಂತು. ಮರ ದಾಟಿ ಹೋದ ಮೇಲೆ ತಲೆ ಕಾಣಲಿಲ್ಲ.

ನಾನು ಕಿರುಚಿದ್ದಕ್ಕೆ ಜನ ಸೇರಿದರು. ಅಣ್ಣು ಬಂದು ಅದೇ ಹಾರೆಯಲ್ಲಿ ಬೀಗ ಒಡೆದ. ಎರಡು ಏಟಿಗೆ ಬಿಟ್ಟಿತು. ದೋಣಿ ತೆಗೆದುಕೊಂಡು ಹೋಗಿ ಪೂರ್ತಿ ಕತ್ತಲಾಗುವವರೆಗೆ ಹುಡುಕಿದರು. ಹಾಗೆಯೇ ಆಚೆ ಹೋಗಿ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಬಂದರು. ಮಗು ಈಗ ಹುಷಾರಾಗಿದೆ. ಅವನು ಮೂರನೆಯ ದಿನ ಪಾಣೆಮಂಗಳೂರಿನ ಸೇತುವೆಯ ಹತ್ತಿರ ಸಿಕ್ಕಿದ. ಮಸೀದಿಯಲ್ಲಿ ಎಲ್ಲ ಕ್ರಮದಂತೆ ಆಯಿತು. ಈಚೆಕರೆಯವರು ಅಂಗಡಿ ಮುಚ್ಚಿ ಹೋಗಿದ್ದರು.

ನೋಣಯ್ಯನವರು ನಮ್ಮ ಜಗಲಿಯಲ್ಲಿ ಕೂತು ಮಕ್ಕಳ ಹಾಗೆ ಅತ್ತರು. "ಒಡೆಯಬಾರದಿತ್ತಾ ಆ ಮಾರಾಯ! ಎರಡು ಏಟಿನ ಬೀಗ. ನಾವೇನು ಅವನನ್ನು ಕೊಲ್ಲುತ್ತಿದ್ದೆವಾ? ಒಂದು ಬೈಗಳು ಬೈದು ಬಿಡುತ್ತಿದ್ದೆವು" ಎಂದರು. ನಾರಾಯಣಮೂರ್ತಿಗಳು ಕೆಲಸಕ್ಕೆ ಬಂದಿಲ್ಲ, ಜ್ವರ ಹಿಡಿದು ಮಲಗಿದ್ದಾರಂತೆ. ಬಸ್ಸಿನಲ್ಲಿ, ಹೋಟೇಲಿನಲ್ಲಿ, ಎಲ್ಲಿ ನೋಡಿದರೂ ಇದೇ ಮಾತು. ಎಂಥ ಮರುಳ, ಯಾಕೆ ಒಡೆಯಲಿಲ್ಲ? ಪೋಲೀಸಿನವರೂ ನನ್ನನ್ನು ಅದನ್ನೇ ಕೇಳಿದರು. ಗೊತ್ತಿಲ್ಲ ಎಂದೆ.

ತುರ್ತುಸಭೆ ಮಾಡಿ, ಇನ್ನು ಮುಂದೆ ದೋಣಿ ಆಚೆಕರೆಯಲ್ಲೇ ಇರಬೇಕು, ಬೀಗ ಬೇಡ ಎಂದು ಮಾಡಿದ್ದಾರೆ. ಒಂದು ಮಾತಿಲ್ಲದೆ ಎಲ್ಲರೂ ಕೈಯೆತ್ತಿದರು. ಆಡಿಟಿನ ಮಾತು ಯಾರ ಬಾಯಿಂದಲೂ ಬರಲಿಲ್ಲ. ಸದ್ಯಕ್ಕೆ ಅಣ್ಣು ದಾಟಿಸುತ್ತಿದ್ದಾನೆ, ಹೊಸಬನನ್ನು ಆಚೆಕರೆಯಿಂದಲೇ ನೋಡಬೇಕು. ಬೇರೆ ಯಾರೂ ಒಪ್ಪುತ್ತಿಲ್ಲ.

ನಸೀಬಾ ಈಗ ತನ್ನ ಅಣ್ಣನ ಮನೆಯಲ್ಲಿದ್ದಾಳೆ. ಮೊನ್ನೆ ಹೋಗಿದ್ದೆ. ಮರೆಯಲ್ಲಿ ಕೂತಿದ್ದಳು, ಗಂಡ ಸತ್ತ ಮೇಲಿನ ಅವರ ಕ್ರಮ ಹಾಗೆ, ಹೆಂಗಸರು ಒಳಗೆ ಹೋಗಬಹುದು. ನನ್ನ ಕೈ ಹಿಡಿದುಕೊಂಡಳು. ಬೈಯುತ್ತಾಳೆ ಎಂದುಕೊಂಡು ಹೋಗಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. "ಅಕ್ಕಾ, ನೀರಿಗೆ ಇಳಿಯುವ ಮೊದಲು ಇವರು ಎಂತಾದರೂ ಹೇಳಿದರಾ?" ಎಂದು ಕೇಳಿದಳು. "ಮಗುವಿನ ಹೆಸರು ಹೇಳಿದ, ಬೇಗ ಹೋಗಿ ಬರ್ತೇನೆ ಎಂದ" ಎಂದೆ. ಅವಳು ತಲೆಯಾಡಿಸಿದಳು. ಅವಳಿಗೆ ಅದು ಸಾಕಾಯಿತು.

ನಿನ್ನನ್ನು ನೋಡಬೇಕು ಅನ್ನಿಸುತ್ತದೆ. ನೀನು ಬರುವುದು ಬೇಡ, ಈ ಮಳೆಗೆ ನಿನ್ನ ಮಂಡಿ ಕೇಳುವುದಿಲ್ಲ. ಮಳೆ ಕಡಿಮೆಯಾದ ಮೇಲೆ ನಾನೇ ಎರಡು ದಿನಕ್ಕೆ ಬರುತ್ತೇನೆ. ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ. ನಿಮ್ಮ ಮನೆಯವರೆಲ್ಲರೂ ಹೊತ್ತಿಗೆ ಸರಿಯಾಗಿ ಮನೆ ಸೇರುವ ಹಾಗಾಗಲಿ.

ನಿನ್ನ
ಮನು

ಮರೆತದ್ದು:

ಮರೆತದ್ದಲ್ಲ ಅಕ್ಕಾ, ಬರೆಯಲು ಆಗದೆ ಇದ್ದದ್ದು. ಅವನು ಯಾಕೆ ಒಡೆಯಲಿಲ್ಲ ಎಂದು ನನಗೆ ಗೊತ್ತುಂಟು. ನಸೀಬಾಳಿಗೆ ನಾನು ಹೇಳಿದ್ದು ಸುಳ್ಳು.

ಹಾರೆ ಕೊಟ್ಟು, "ಒಡೆ, ಯಾರು ಕೇಳಿದರೂ ನಾನು ಹೇಳಿದ್ದು ಅಂತ ಹೇಳು" ಎಂದಾಗ ಅವನು ಹಾರೆಯನ್ನು ಎತ್ತಿದ್ದ. ಆ ಮಾತು ಕೇಳಿದ ಮೇಲೆ ಇಳಿಸಿದ. ನನ್ನ ಮುಖ ನೋಡಿ ಮೆಲ್ಲಗೆ ಹೇಳಿದ. "ನೀವು ಹೇಳ್ತೀರಿ ಅಕ್ಕಾ. ನಿಮ್ಮ ಮಾತು ಅಲ್ಲಿ ನಡೆಯುವುದಿಲ್ಲ. ಕೆಲಸ ಹೋದರೆ ನಾಳೆ ಈ ಮಗುವಿಗೆ ಮದ್ದು ತರುವುದು ಹೇಗೆ? ಈಜಿ ಹೋಗಿ ಮಗುವನ್ನು ಹೊತ್ತುಕೊಂಡು ಸೇತುವೆ ಸುತ್ತಿ ಬರ್ತೇನೆ. ಈಜಿದರೆ ಯಾರೂ ಎಂತದೂ ಕೇಳುವುದಿಲ್ಲ." ಅಷ್ಟೇ. ಅದರಲ್ಲಿ ಸಿಟ್ಟೂ ಇರಲಿಲ್ಲ, ದೂರೂ ಇರಲಿಲ್ಲ. ನನಗೆ ಬೇಸರ ಆದೀತು ಎಂದು ಕೊನೆಗೆ ಸ್ವಲ್ಪ ನಕ್ಕ ಕೂಡ.

ಓಟಿನ ದಿನ ಆಚೆಕರೆಯವರನ್ನೆಲ್ಲ ಊಟ ತಿಂಡಿ ಇಲ್ಲದೆ ನನಗಾಗಿ ದಾಟಿಸಿದವನು ಅವನು. "ನಮ್ಮ ಅಕ್ಕ ಅಲ್ಲಿ ಕೂತರೆ ನಮ್ಮ ಮಾತೂ ನಡೆಯುತ್ತದೆ" ಎಂದು ದೋಣಿಗೆ ಹತ್ತಿದವರಿಗೆಲ್ಲ ಹೇಳುತ್ತಿದ್ದನಂತೆ. ನಾನು ಏನೂ ಹೇಳದೆ ಒಳಗೆ ಹೋಗಿದ್ದರೆ ಅವನು ಆ ಬೀಗ ಒಡೆಯುತ್ತಿದ್ದ ಎಂದು ನನಗೆ ಈಗ ಅನ್ನಿಸುತ್ತದೆ.

ಇದನ್ನು ಭಾವನಿಗೂ ಓದಿ ಹೇಳಬೇಡ.